ದಂಡಿನಮ್ಮನ ಊರಿನಲ್ಲಿ ಅರಸನ ಎಲೆ

ಹೇವಿಳಂಬಿ ಸಂವತ್ಸರದ ಆಶ್ವಯುಜ ಶುದ್ಧ ಅಷ್ಟಮಿಯ ಬೆಳಿಗ್ಗೆ ನಾನು ಮೈಸೂರನ್ನು ಬಿಟ್ಟೆ. ಅರಸೀಕೆರೆಯ ಕಡೆಗೆ ಹೊರಟ ರೈಲಿನಲ್ಲಿ ನಾನಿದ್ದ ಡಬ್ಬಿ ಬಹುಮಟ್ಟಿಗೆ ಬರಿದಾಗಿತ್ತು. ಆ ಕಡೆಯಿಂದ ಬಂದು ಪಕ್ಕದಲ್ಲಿ ನಿಂತ ರೈಲಿನ ತುಂಬ ಜನ: ಬಾಗಿಲಿಗೆ ಜೋತುಬಿದ್ದವರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು, ಬುತ್ತಿಯ ಗಂಟು ಹಿಡಿದ ಹೆಂಗಸರು. ಎಲ್ಲರೂ ದಸರಾ ನೋಡಲು ಬಂದವರು. ಟಿಕೆಟ್ ನೋಡಲು ಬಂದವರು, "ಏನು ಸ್ವಾಮಿ, ಹಬ್ಬ ಬಿಟ್ಟು ಹೊರಟುಬಿಟ್ಟಿರಿ?" ಎಂದರು. ಕೆಲಸವಿದೆ ಎಂದೆ. ನಿವೃತ್ತನಾದವನಿಗೆ ಎಂಥ ಕೆಲಸವೆಂದು ಅವರು ಕೇಳಲಿಲ್ಲ.

ದಸರೆಯ ದಿನಗಳಲ್ಲಿ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ನೆಂಟರು ತುಂಬಿರುತ್ತಾರೆ. ನನ್ನ ಮನೆಯಲ್ಲಿ ಗೊಂಬೆ ಕೂರಿಸುವವರಿಲ್ಲದೆ ಇದು ಎರಡನೆಯ ದಸರೆ. ಅಕ್ಕಪಕ್ಕದ ಸಡಗರದ ನಡುವೆ ಒಬ್ಬನೇ ಕುಳಿತಿರುವುದಕ್ಕಿಂತ, ಬಹುಕಾಲದಿಂದ ಬಾಕಿ ಉಳಿದಿದ್ದ ಒಂದು ಪ್ರಶ್ನೆಯನ್ನು ಹಿಂಬಾಲಿಸಿ ಹೋಗುವುದು ಮೇಲೆಂದು ತೋರಿತು.

ಪ್ರಶ್ನೆಯನ್ನು ಮೊದಲು ಹೇಳಬೇಕು. ಉದ್ಯೋಗದಲ್ಲಿದ್ದಾಗ ಶಾಸನಗಳ ಕಾಲನಿರ್ಣಯ ನನ್ನ ಕೆಲಸವಾಗಿತ್ತು. ತಿಥಿಗೂ ವಾರಕ್ಕೂ ಹೊಂದದ ಶಾಸನವನ್ನು ನಾನು ನಂಬಿದವನಲ್ಲ. ನಿವೃತ್ತಿಯ ನಂತರ ಹಳೆಯ ಆಸೆಯೊಂದನ್ನು ಕೈಗೆತ್ತಿಕೊಂಡು, ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ನಾಡಿನ ಯುದ್ಧದೇವಿಯನ್ನು ಕುರಿತು ಒಂದು ಗ್ರಂಥ ಬರೆಯುತ್ತಿದ್ದೇನೆ. ಸುಮೇರಿನವರು ಆಕೆಯನ್ನು ಇನಾನ್ನಾ ಎಂದರು, ಅಕ್ಕಾಡಿನವರೂ ಅಸ್ಸೀರಿಯದವರೂ ಇಷ್ಟಾರ್ ಎಂದರು. ಅಲ್ಲಿ ಒಲವಿನ ದೇವಿಯೂ ಕಾಳಗದ ದೇವಿಯೂ ಒಬ್ಬಳೇ. ಅರಸನು ಅರಸನಾಗುವುದು ಆಕೆ ಒಲಿದಾಗ, ಗೆಲ್ಲುವುದು ಆಕೆ ಮುಂದೆ ನಡೆದಾಗ. ಸಾರ್ಗೋನನೆಂಬ ಅರಸ ತೋಟಗಾರನಾಗಿದ್ದಾಗ ಇಷ್ಟಾರ್ ಅವನಿಗೆ ಒಲಿದಳೆಂದು ಒಂದು ಕಥನ ಹೇಳುತ್ತದೆ. ಆ ಕಥನದ ಪ್ರತಿಗಳು ಸಾರ್ಗೋನನಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಈಚಿನವು ಎಂಬುದನ್ನು ಓದುಗರು ಮರೆಯಬಾರದು.

ಕಾಲ ಇದಕ್ಕಿಂತ ಸ್ಪಷ್ಟವಾಗಿರುವುದು ಅಸ್ಸೀರಿಯದ ಅರಸ ಅಶ್ಶುರ್ಬನಿಪಾಲನ ಪ್ರಸಂಗ. ನೆರೆನಾಡಾದ ಏಲಾಮಿನ ಅರಸ ದಂಡೆತ್ತಿ ಬರುತ್ತಾನೆಂಬ ಸುದ್ದಿ ಬಂದಾಗ ಅವನು ಅರ್ಬೇಲಾ ನಗರದ ಇಷ್ಟಾರಳ ಮುಂದೆ ನಿಂತು ಅತ್ತನು. ಆ ಇರುಳು ಒಬ್ಬ ಕಣಿಯವನಿಗೆ ಕನಸು ಬಿತ್ತು. ಕನಸು ಕಂಡವನು ಅರಸನಲ್ಲ ಎಂಬುದನ್ನು ಗಮನಿಸಬೇಕು. ದೇವಿ ಎರಡೂ ಹೆಗಲಿಗೆ ಬತ್ತಳಿಕೆ ಹಾಕಿಕೊಂಡು, ಬಿಲ್ಲು ಹಿಡಿದು, ಕತ್ತಿ ಹಿರಿದು ಬಂದಳು. ಹೆತ್ತ ತಾಯಿಯಂತೆ ಅರಸನಿಗೆ ಹೇಳಿದಳು: ನೀನು ಇಲ್ಲೇ ಇರು, ಉಣ್ಣು, ಕುಡಿ, ಹಾಡಿಸು, ಆ ಕೆಲಸವನ್ನು ನಾನು ಹೋಗಿ ಮಾಡಿ ಬರುತ್ತೇನೆ. ಇದು ಕ್ರಿ. ಪೂ. ೬೫೩ರದೆಂದು ಹೆಚ್ಚಿನವರ ಮತ. ಆಧಾರ ಒಂದು ಚಂದ್ರಗ್ರಹಣ. ಒಂದೆರಡು ವರ್ಷ ಹಿಂದಕ್ಕೆ ಸರಿಸುವವರೂ ಇದ್ದಾರೆ.

ಈ ಭಾಗವನ್ನು ಕನ್ನಡಿಸಿದ ದಿನ ನನ್ನ ಹೆಂಡತಿಗೆ ಓದಿ ಹೇಳಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಅವಳು ಯುದ್ಧಕ್ಕೆ ಹೋದಾಗ ಇವನು ಊಟ ಮಾಡುತ್ತ ಕೂತನೇ? ಗಂಟಲಲ್ಲಿ ಇಳಿಯಿತೇ?" ಎಂದು ಕೇಳಿದಳು. ಅದನ್ನು ಮೂಲ ಹೇಳುವುದಿಲ್ಲ ಎಂದೆ. "ಮೂಲ ಹೇಳದಿದ್ದರೇನು, ನೀವು ಹೇಳಿ" ಎಂದಳು.

ಗ್ರಂಥದ ಕೊನೆಯ ಅಧ್ಯಾಯ ಮಾತ್ರ ಉಳಿದಿತ್ತು. ಅರಸನನ್ನು ಅರಸನನ್ನಾಗಿ ಮಾಡುವವಳು ಆ ದೇವಿಯಾದರೆ, ಅರಸೊತ್ತಿಗೆಯೇ ಮುಗಿದ ಮೇಲೆ ದೇವಿಯ ಗತಿಯೇನು? ಅಕ್ಕಾಡ್ ನಗರವನ್ನು ಕುರಿತ ಒಂದು ಹಳೆಯ ಸುಮೇರಿ ಕಾವ್ಯದಲ್ಲಿ ಇನಾನ್ನಾ ಮುನಿದು ನಗರವನ್ನು ಬಿಟ್ಟುಹೋಗುತ್ತಾಳೆ. ಅದರ ಯುದ್ಧಶಕ್ತಿಯನ್ನೂ ಜೊತೆಗೆ ಕೊಂಡೊಯ್ಯುತ್ತಾಳೆ. ಆದರೆ ಬಿಟ್ಟುಹೋಗದೆ ಉಳಿದವಳ ವಿಷಯ ಯಾವ ಜೇಡಿಮಣ್ಣಿನ ಫಲಕದಲ್ಲೂ ನನಗೆ ಸಿಕ್ಕಿಲ್ಲ. ಆ ನಾಡಿಗೂ ನಮ್ಮ ನಾಡಿಗೂ ಸಂಬಂಧ ಕಲ್ಪಿಸುವ ಉದ್ದೇಶ ನನಗಿರಲಿಲ್ಲ, ಈಗಲೂ ಇಲ್ಲ. ಆದರೂ ನಮ್ಮ ಪಾಳೆಯಗಾರರ ಮನೆಗಳು ಅಳಿದ ಊರುಗಳಲ್ಲಿ ಅವರ ದೇವತೆಗಳನ್ನು ಕಣ್ಣಾರೆ ಕಂಡರೆ, ಪ್ರಶ್ನೆಯನ್ನಾದರೂ ಸರಿಯಾಗಿ ಕೇಳಲು ಕಲಿತೇನೆಂದು ಹೊರಟಿದ್ದೆ.

ಕೃಷ್ಣರಾಜನಗರದಲ್ಲಿ ಇಳಿದಾಗ ಸಣ್ಣ ಹನಿ ಬೀಳುತ್ತಿತ್ತು. ಕಾವೇರಿಯ ಪ್ರವಾಹ ಹಳೆಯ ಎಡತೊರೆಯನ್ನು ಕಾಡಿದ ಮೇಲೆ ಎತ್ತರದಲ್ಲಿ ಕಟ್ಟಿದ ಊರಾದ್ದರಿಂದ ಬೀದಿಗಳು ದಾರ ಹಿಡಿದು ಎಳೆದಂತಿವೆ. ಒಂದು ಹೋಟೆಲಿನ ಬಾಗಿಲಲ್ಲಿ ನಿಂತಾಗ ಮಾಣಿ ನನ್ನ ಬೆನ್ನ ಹಿಂದೆ ನೋಡಿ, "ಎಷ್ಟು ಜನ ಸ್ವಾಮಿ?" ಎಂದ. ಒಬ್ಬನೇ ಎಂದೆ. ಗೋಡೆಯ ಕಡೆಗೆ ಮುಖ ಮಾಡಿದ ಮೇಜನ್ನು ತೋರಿಸಿದ. ಇಡ್ಲಿ ಬಿಸಿಯಾಗಿತ್ತು. ಆ ಊರಿನಲ್ಲಿ ನಾನು ನೋಡಬೇಕೆಂದಿದ್ದ ಗುಡಿಗೆ ಹೊಸ ಗೋಡೆ, ಹೊಸ ಸುಣ್ಣ, ಹೊಸ ಕತೆ ಬಂದಿತ್ತು, ಹಳೆಯದೇನೂ ಉಳಿದಿರಲಿಲ್ಲ. ಸಂಜೆಯ ಬಸ್ಸಿಗೆ ಹುಣಸೂರಿಗೆ ಹೋದೆ. ದಾರಿಯುದ್ದಕ್ಕೂ ನಾಲೆಯ ಕೆಳಗಿನ ಭತ್ತದ ಗದ್ದೆಗಳು, ಆಮೇಲೆ ಖುಷ್ಕಿ ಹೊಲಗಳು. ಹುಣಸೂರು ಹತ್ತಿರವಾದಂತೆ ಬ್ಯಾರನ್ನುಗಳಲ್ಲಿ ಒಣಗುವ ಹೊಗೆಸೊಪ್ಪಿನ ವಾಸನೆ ಬಸ್ಸಿನೊಳಕ್ಕೇ ಬಂದಿತು. ಹೊಸ ಪೈಸೆ ಬಂದು ಆಗ ಆರು ತಿಂಗಳು. ಕಂಡಕ್ಟರು ಪ್ರತಿಯೊಬ್ಬರಿಗೂ ಆಣೆಯನ್ನು ಪೈಸೆಗೆ ತಿರುಗಿಸಿ ಹೇಳಿ ದಣಿದಿದ್ದರು. ಪ್ರವಾಸಿ ಬಂಗಲೆಯಲ್ಲಿ ಕೊಠಡಿ ಸಿಕ್ಕಿತು. ಲಕ್ಷ್ಮಣತೀರ್ಥದ ಹೊಳೆಯ ಸದ್ದು ಕೇಳುತ್ತ ಬೇಗನೆ ಮಲಗಿದೆ.

ಮರುದಿನ ಮಹಾನವಮಿ, ಆಯುಧಪೂಜೆ. ಬಸ್ ನಿಲ್ದಾಣದಲ್ಲಿ ಬಸ್ಸುಗಳಿಗೆ ಬಾಳೆಕಂದು ಕಟ್ಟಿ, ಗಾಜಿಗೆ ವಿಭೂತಿ ಬಳಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಪಿರಿಯಾಪಟ್ಟಣದ ಬಸ್ಸಿನ ಡ್ರೈವರು ಸ್ಟಿಯರಿಂಗಿಗೆ ಹೂ ಮುಡಿಸುತ್ತ, "ದೊರೆಗೋಳ್ಗೆ ಕತ್ತಿ, ನಮ್ಗೆ ಇದು. ಇವತ್ತು ಬೈಯಂಗಿಲ್ಲ ಇದ್ನ, ನಾಳೆಯಿಂದ ಬೈತೀನಿ" ಎಂದರು. ಕುಂಬಳಕಾಯಿ ಒಡೆಯುವವರೆಗೆ ಬಸ್ಸು ಹೊರಡಲಿಲ್ಲ.

ಪಿರಿಯಾಪಟ್ಟಣದ ಹಾಳು ಕೋಟೆಯ ಮಗ್ಗುಲಲ್ಲಿ ಒಂದು ಸಣ್ಣ ಗುಡಿಯಿದೆ. ಒಳಗೆ ವಿಗ್ರಹವಿಲ್ಲ, ಪೀಠ ಮಾತ್ರ ಇದೆ. ಪೀಠದ ಮುಂದೆ ಒಂದು ದೀಪ ಉರಿಯುತ್ತಿತ್ತು. ಅಂಗಳ ಗುಡಿಸುತ್ತಿದ್ದ ಮುದುಕಿಯನ್ನು ವಿಚಾರಿಸಿದೆ.

"ಯಾರೂ ಇಲ್ಲ ಬುಡಿ ಸ್ವಾಮಿ ಒಳ್ಗೆ. ಕೋಟೆ ಬಿದ್ದಾಗ್ಲೇ ಎದ್ದೋದ್ಲು."

"ಕೋಟೆ ಬಿದ್ದದ್ದು ಯಾವಾಗ?"

"ನಾ ಉಟ್ಟಕ್ಕೆ ಮುಂಚೆ."

"ನಿಮ್ಮ ಅಜ್ಜಿಯ ಕಾಲದಲ್ಲೋ?"

"ಅವ್ಳೂ ಇಂಗೇ ಅಂತಿದ್ಲು, ನಾ ಉಟ್ಟಕ್ಕೆ ಮುಂಚೆ ಅಂತ."

ಕಾಲನಿರ್ಣಯ ಆಗಲಿಲ್ಲ. "ದೇವಿಯೇ ಇಲ್ಲದ ಮೇಲೆ ದೀಪ ಯಾರಿಗೆ?" ಎಂದೆ.

"ವಾಪಸ್ ಬಂದ್ರೆ ಕತ್ಲೇಲಿ ಕಾಲು ಎಡವ್‌ಬಾರ್ದಲ್ಲ" ಎಂದು ಆಕೆ ಕಸವನ್ನು ಮೂಲೆಗೆ ತಳ್ಳಿದಳು. ಅಕ್ಕಾಡಿನ ಕಾವ್ಯದ ಮಾತನ್ನೇ ಕೇಳಿದಂತಾಯಿತು: ಅರಸು ಹೋದರೆ ದೇವಿ ಹೋಗುತ್ತಾಳೆ. ಅಧ್ಯಾಯವನ್ನು ಹಾಗೆಯೇ ಮುಗಿಸಿಬಿಡಬಹುದೆಂದುಕೊಂಡು ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ಆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವರು ಕಟ್ಟೆಮಳಲವಾಡಿಯ ಶಿವಣ್ಣ. ಹೊಗೆಸೊಪ್ಪಿನ ವ್ಯಾಪಾರ, ಸ್ವಂತ ಜಮೀನು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಎಲೆಅಡಿಕೆಯ ಚೀಲ. ನಾನು ಬಂದ ಕಾರಣವನ್ನು ಕೇಳಿ ನಕ್ಕರು.

"ಎದ್ದೋದ ಅಮ್ಮನ್ನ ನೋಡಕ್ಕೆ ಇಷ್ಟು ದೂರ ಬಂದ್ರಾ? ಇರೋಳ್ನ ತೋರಿಸ್ತೀನಿ ಬನ್ನಿ. ನಮ್ಮ ಸೋದ್ರತ್ತೆ ಮನೇಲಿ ಕತ್ತಿ ಅದೆ. ದಂಡಿನಮ್ಮಂದು. ನಾಳೆ ದಂಡಿಗೆ ಓಯ್ತಾಳೆ." ಸ್ವಲ್ಪ ತಡೆದು, "ಓದ್ರೆ" ಎಂದು ಸೇರಿಸಿದರು.

ಆ 'ಓದ್ರೆ'ಯ ಅರ್ಥ ಮರುದಿನ ತಿಳಿಯಿತು. ವಿಜಯದಶಮಿಯ ಬೆಳಿಗ್ಗೆ ಇಬ್ಬರೂ ಹೆಗ್ಗಡದೇವನಕೋಟೆಗೆ ಹೋಗಿ, ಅಲ್ಲಿಂದ ಅಂತರಸಂತೆಯ ಕಡೆಯ ಬಸ್ಸು ಹಿಡಿದು, ಇಳಿದ ಮೇಲೆ ರಾಗಿ ಹೊಲಗಳ ನಡುವೆ ಮೂರು ಮೈಲಿಯಷ್ಟು ನಡೆದೆವು. ರಾಗಿ ತೆನೆಗಟ್ಟಿತ್ತು. ಪಶ್ಚಿಮಕ್ಕೆ ಕಾಕನಕೋಟೆಯ ಕಾಡು ಕಪ್ಪು ಗೆರೆಯಂತೆ ಕಾಣುತ್ತಿತ್ತು. ಊರಿನ ಹೆಸರನ್ನು ಬರೆಯಬಾರದೆಂದು ಅಲ್ಲಿನ ಯಜಮಾನರು ಕೇಳಿಕೊಂಡಿದ್ದಾರೆ. ಕತ್ತಿ ನೋಡಲು ಜನ ಬರುವುದು ಅವರಿಗೆ ಬೇಡ.

ದಾರಿಯಲ್ಲಿ ಶಿವಣ್ಣ ವಿಷಯವನ್ನು ಹೇಳಿದರು. ಹಿಂದೆ ಆ ಊರನ್ನು ಒಂದು ನಾಯಕರ ಮನೆತನ ಆಳುತ್ತಿತ್ತು. ಒಮ್ಮೆ ಶತ್ರುಗಳು ಬಂದಾಗ ನಾಯಕ ಇನ್ನೂ ಮಗುವಾಗಿದ್ದನಂತೆ; ಜ್ವರದಲ್ಲಿದ್ದನೆಂದು ಕೆಲವರು; ಹೆದರಿದನೆಂದು ಕೆಳಗಿನ ಕೇರಿಯವರು. ಆಗ ದಂಡಿನಮ್ಮ, "ನೀನು ಕುಂತು ಉಣ್ಣಪ್ಪ, ನಾನು ಓಗ್ಬತ್ತೀನಿ" ಎಂದು ತಾನೇ ಕತ್ತಿ ಹಿಡಿದು ಹೋದಳಂತೆ. ಅಂದಿನಿಂದ ವಿಜಯದಶಮಿಯಂದು ದೇವಿಯ ಕತ್ತಿ ಊರ ಗಡಿಕಲ್ಲಿನವರೆಗೆ ಹೋಗಿಬರುತ್ತದೆ. ಅದು ಹಿಂದಿರುಗುವವರೆಗೆ ನಾಯಕರ ಮನೆಯ ಗಂಡಸು ಜಗುಲಿಯಲ್ಲಿ ಎಲೆಯ ಮುಂದೆ ಕುಳಿತು ಊಟ ಮಾಡುತ್ತಿರಬೇಕು. ಎಲೆ ಬರಿದಾಗಬಾರದು. ಏಳಬಾರದು. ಕೈ ಒಣಗಬಾರದು. ಒಣಗಿದರೆ ದೇವಿ ಗಡಿಯಿಂದ ಹಿಂದಕ್ಕೆ ಬರುವುದಿಲ್ಲ.

ನಾನು ದಾರಿಯ ಮಧ್ಯದಲ್ಲೇ ನಿಂತುಬಿಟ್ಟೆ. ಎಷ್ಟು ಹಳೆಯ ಕಟ್ಟಳೆ, ಎಲ್ಲಿಯಾದರೂ ಬರೆದಿದೆಯೇ, ಕಲ್ಲಿನಲ್ಲಿದೆಯೇ ಎಂದು ಒಂದೇ ಸಮನೆ ಕೇಳಿದೆ. "ಬರ್ದಿದ್ರೆ ಮೂರು ಕತೆ ಯಾಕೆ ಇರ್ತಿತ್ತು ಸ್ವಾಮಿ" ಎಂದರು ಶಿವಣ್ಣ. ಮೂರಕ್ಕೂ ಸಾಕ್ಷಿ ಸಮ. ಒಂದನ್ನೂ ಒಪ್ಪುವಂತಿಲ್ಲ, ಒಂದನ್ನೂ ತಳ್ಳುವಂತಿಲ್ಲ.

ಆ ಮನೆಯ ಕೊನೆಯ ಗಂಡಸು, ಶಿವಣ್ಣನ ಸೋದರತ್ತೆ ಚೆನ್ನಾಜಮ್ಮನ ಗಂಡ, ಶಿವರಾತ್ರಿಯ ಆಸುಪಾಸಿನಲ್ಲಿ ತೀರಿಕೊಂಡಿದ್ದರು. ಮಕ್ಕಳಿಲ್ಲ. ಮೇಲಿನ ಕೇರಿಯವರು ತಮ್ಮವನೊಬ್ಬನನ್ನು ಕೂರಿಸುತ್ತೇವೆಂದರು, ಕೆಳಗಿನ ಕೇರಿಯವರು ಒಪ್ಪಲಿಲ್ಲ. ಅವರು ತಮ್ಮವನನ್ನೆಂದರು, ಇವರು ಒಪ್ಪಲಿಲ್ಲ. ಒಮ್ಮೆ ಕುಳಿತವನು ಮುಂದೆ ಏಳುವುದಿಲ್ಲವೆಂದು ಎರಡು ಕೇರಿಗೂ ಗೊತ್ತು. ಶಿವಣ್ಣ ತವರಿನ ಕಡೆಯವರು, ಅವರು ಕೂರುವಂತಿಲ್ಲ. ಈ ಸಲ ಕತ್ತಿ ಹೊರಡದಿದ್ದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಹೆಗ್ಗಡದೇವನಕೋಟೆಯ ತಾಲ್ಲೂಕು ಕಚೇರಿಗೆ ಒಪ್ಪಿಸುವುದೆಂದು ಯಜಮಾನರು ತೀರ್ಮಾನಿಸಿದ್ದರು.

"ಕತ್ತಿ ಓದ್ರೆ ನಮ್ಮತ್ತೇಗೆ ಇನ್ನೇನೂ ಇಲ್ಲ ಸ್ವಾಮಿ," ಎಂದರು ಶಿವಣ್ಣ. "ಮಾವ ಓದ್ಮೇಲೆ ಅದ್ಕೇ ದೀಪ ಅಚ್ಚದು, ಅದ್ರ ಜೊತೇಲೇ ಮಾತಾಡದು. ನಮ್ಮನೇಗೆ ಬಾ ಅತ್ತೆ ಅಂದ್ರೆ, ಇವ್ಳೊಬ್ಳನ್ನೇ ಬುಟ್ಟು ಎಂಗ್ ಬರ್ಲಿ ಅಂತಾಳೆ."

ನಾವು ಹೋದಾಗ ನಾಯಕರ ಮನೆಯ ಮುಂದೆ ಊರು ಸೇರಿತ್ತು. ಮನೆಯೆಂದರೆ ಅರಮನೆಯಲ್ಲ, ನಾಡಹೆಂಚಿನ ತೊಟ್ಟಿಮನೆ, ಉದ್ದ ಜಗುಲಿ, ಕೆತ್ತನೆಯ ಒಂದು ಬಾಗಿಲು. ಎರಡು ಕೇರಿಯವರು ಅಂಗಳದ ಎರಡು ಬದಿಯಲ್ಲಿ ನಿಂತಿದ್ದರು. ದೇವಿಯ ಪೂಜಾರಿಯನ್ನು ಅಲ್ಲಿ ಗುಡ್ಡಪ್ಪ ಎನ್ನುತ್ತಾರೆ. ಆತ ಹಳದಿ ಪಂಚೆಯುಟ್ಟು ಸುಮ್ಮನೆ ಕುಳಿತಿದ್ದ. ಚೆನ್ನಾಜಮ್ಮ ಬಾಗಿಲ ಒಳಗೆ ಗೋಡೆಗೊರಗಿ ಕುಳಿತಿದ್ದರು. ಎತ್ತರದ, ಒಣಗಿದ ಮುದುಕಿ.

ಶಿವಣ್ಣ ನನ್ನನ್ನು ಮುಂದೆ ತಂದು, "ಇವ್ರು ಮೈಸೂರೋರು. ಎರಡು ಕೇರಿಗೂ ಸೇರ್ದೋರಲ್ಲ. ಇವ್ರು ಕುಂತ್ಕೊಂಡ್ರೆ ಯಾರ್ಗೇನು ತಕರಾರು?" ಎಂದುಬಿಟ್ಟರು. ನನ್ನನ್ನು ಕೇಳಿರಲಿಲ್ಲ. ನಾನು ನೋಡಲು ಬಂದವನು, ಮಾಡಲು ಬಂದವನಲ್ಲ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಜಮೀನು ಗಿಮೀನು ಕೊಳ್ಳೋ ಯೋಚ್ನೆ ಅದಾ ಇತ್ಲಾಗೆ?" ಎಂದು ಮೇಲಿನ ಕೇರಿಯ ಯಜಮಾನರು ಕೇಳಿದರು. ಇಲ್ಲವೆಂದೆ.

"ಬರೋ ವರ್ಷ ಬಂದು ನಂದೇ ಎಲೆ ಅಂತೀರಾ?" ಎಂದರು ಕೆಳಗಿನ ಕೇರಿಯವರು.

"ಪ್ಯಾಟೆಯೋರು ಮುದ್ದೆ ನುಂಗಕ್ಕೇ ಕಣ್ಣೀರ್ ಆಕ್ತಾರೆ, ಬರೋ ವರ್ಷ ಎಲ್ಲಿ ಬತ್ತಾರೆ ಬುಡ್ಲಾ" ಎಂದು ಹಿಂದಿನಿಂದ ಯಾರೋ ಅಂದರು. ಎರಡು ಕಡೆಯವರೂ ಒಟ್ಟಿಗೆ ನಕ್ಕರು. ಒಬ್ಬ ಹೆಂಗಸು ದನಿ ಎತ್ತಿದಳು: "ದಂಡಿಗೆ ಓಗಕ್ಕೆ ಎಂಗ್ಸು, ಕುಂತು ಉಣ್ಣಕ್ಕೆ ಗಂಡ್ಸು. ಅದ್ಕೂ ನಿಮ್ಮಲ್ಲಿ ಒಬ್ಬ ಗತಿ ಇಲ್ವಲ್ಲ!" ಈ ಸಲ ಹೆಂಗಸರು ಮಾತ್ರ ನಕ್ಕರು.

ಆಮೇಲೆ ಗುಡ್ಡಪ್ಪ ಕೇಳಿದ, "ಮನೆಯೋರು ಅವ್ರಾ ಸ್ವಾಮಿ?"

"ಇಲ್ಲ. ಹೋದ ವರ್ಷ ತೀರಿಕೊಂಡರು."

ನಗು ನಿಂತಿತು. ಹೆಂಡತಿಯಿಲ್ಲದವನು ಆ ಎಲೆಯ ಮುಂದೆ ಕೂರಬಹುದೇ ಎಂಬ ಪ್ರಶ್ನೆ ಊರಿಗೆ ಹಿಂದೆ ಬಂದಿರಲಿಲ್ಲ. ಕೂರಬಾರದೆಂದು ಕೆಲವರು ಗೊಣಗಿದರು. ಆಗ ಒಳಗಿನಿಂದ ಚೆನ್ನಾಜಮ್ಮನ ಮಾತು ಬಂದಿತು: "ನೀವ್ನೀವೇ ಯಾಕೆ ಮಾತಾಡೀರಿ? ಓಗೋಳು ಅವ್ಳು. ಅವ್ಳನ್ನೇ ಕೇಳಿ."

ಹೂ ಕೇಳಲು ಗುಡಿಗೆ ಹೋದೆವು. ದೇವಿಯ ಎರಡು ಭುಜಗಳ ಮೇಲೂ ಒದ್ದೆಯಾದ ತುಂಬೆಹೂಗಳನ್ನು ಅಂಟಿಸಿ ಎಲ್ಲರೂ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಇಲ್ಲ. ಅಸ್ಸೀರಿಯದ ಅರಸರೂ ದಂಡೆತ್ತುವ ಮೊದಲು ಹೀಗೆಯೇ ದೇವರ ಮುಂದೆ ಪ್ರಶ್ನೆ ಇಟ್ಟು ಕಾಯುತ್ತಿದ್ದರು. ಅವರು ಹೂವಿನ ಬದಲು ಕುರಿಯ ಕರುಳನ್ನು ನೋಡುತ್ತಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಎಡಗಡೆಯ ಹೂವೊಂದು ಜಾರಿ ಅರ್ಧದಲ್ಲಿ ನಿಂತಿತು. ಶಿವಣ್ಣ ಕಣ್ಣು ಮುಚ್ಚಿಕೊಂಡರು. ಕೂರಲು ಒಲ್ಲೆನೆಂದಿದ್ದ ನಾನು, ಎಡಗಡೆಯದು ಬೀಳದಿರಲಿ ಎಂದು ನೋಡುತ್ತಿದ್ದೇನೆಂಬುದು ನನಗೇ ಆಗ ತಿಳಿಯಿತು. ಬಲಗಡೆಯಿಂದ ಹೂ ಬಿದ್ದಿತು. "ಬಲಕ್ ಕೊಟ್ಲು!" ಎಂದು ಕೂಗೆದ್ದಿತು. ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲ. ಅದನ್ನು ನೋಡಿದ್ದೇನೆ, ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆ.

ಜಗುಲಿಯ ಮೇಲೆ ಮಣೆ ಹಾಕಿ ಬಾಳೆಯೆಲೆ ಹಾಸಿದರು. ಮುದ್ದೆ, ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ, ಅನ್ನ, ಒಬ್ಬಟ್ಟು. ಬಡಿಸುವವರು ಶಿವಣ್ಣ. ಗುಡ್ಡಪ್ಪ ಒಳಗಿನಿಂದ ಕತ್ತಿಯನ್ನು ತಂದ. ಮೊಳಕ್ಕಿಂತ ತುಸು ಉದ್ದ, ತುಕ್ಕು ತಿಂದ ಅಲಗು, ಹಿಡಿಗೆ ಸುತ್ತಿದ ಕೆಂಪು ಬಟ್ಟೆ. ನನ್ನ ಮುಂದೆ ಹಿಡಿದು, "ಉಣ್ಣಪ್ಪ. ನಾ ಓಗ್ಬತ್ತೀನಿ" ಎಂದ. ದನಿ ಆತನದೇ. ಆದರೆ ಆತ ನನ್ನನ್ನು ನೋಡಲಿಲ್ಲ. ತಮಟೆ ಎದ್ದಿತು. ಊರಿಗೆ ಊರೇ ಕತ್ತಿಯ ಹಿಂದೆ ಹೋಯಿತು. ಮಕ್ಕಳೂ ಹೋದರು, ನಾಯಿಗಳೂ ಹೋದವು.

ಉಳಿದವರು ಮೂವರು: ನಾನು, ಶಿವಣ್ಣ, ಬಾಗಿಲ ಒಳಗೆ ಚೆನ್ನಾಜಮ್ಮ.

ಮೊದಲು ಕಷ್ಟವೆನಿಸಲಿಲ್ಲ. ಸಾರು ಚೆನ್ನಾಗಿತ್ತು. ನಿಧಾನವಾಗಿ ಉಣ್ಣುತ್ತ ನಾನು ಪರಿಶೀಲಕನ ಕಣ್ಣಿನಿಂದ ಎಲ್ಲವನ್ನೂ ಗುರುತುಹಾಕಿಕೊಳ್ಳುತ್ತಿದ್ದೆ. ಅಶ್ಶುರ್ಬನಿಪಾಲನ ಒಂದು ಪ್ರಸಿದ್ಧ ಉಬ್ಬುಶಿಲ್ಪ ನೆನಪಾಯಿತು. ಅವನು ದ್ರಾಕ್ಷಿಯ ಚಪ್ಪರದ ಕೆಳಗೆ ಒರಗಿ ಪಾನಪಾತ್ರೆ ಹಿಡಿದಿದ್ದಾನೆ, ಎದುರಿಗೆ ರಾಣಿ ಕುಳಿತಿದ್ದಾಳೆ, ಪಕ್ಕದ ಮರದಲ್ಲಿ ಏಲಾಮಿನ ಅರಸನ ತಲೆ ತೂಗುತ್ತಿದೆ. ತಲೆಯನ್ನು ತಾನೇ ಕಡಿದೆನೆಂದು ಅರಸನ ಶಾಸನ ಹೇಳುತ್ತದೆ. ಒಬ್ಬ ಸಾಮಾನ್ಯ ಸೈನಿಕ ಕಡಿದನೆಂದು ಅವನದೇ ಶಿಲ್ಪದ ಬರಹ ಹೇಳುತ್ತದೆ. ಈ ವಿರೋಧವನ್ನು ನಾನು ಅರಸನ ಜಂಬವೆಂದು ಬರೆದಿದ್ದೆ. ಕನಸಿನ ಕತೆಯನ್ನು, ರಣಕ್ಕೆ ಹೋಗದ ಅರಸನಿಗೆ ಆಸ್ಥಾನದವರು ಕಟ್ಟಿಕೊಟ್ಟ ಸಬೂಬು ಎಂದಿದ್ದೆ.

ತಮಟೆಯ ಸದ್ದು ಕ್ಷೀಣವಾಗಿ ನಿಂತುಹೋಯಿತು.

"ಗಡಿಕಲ್ ಮುಟ್ಟಿರ್ಬೇಕು. ಈಗ ತಿರುಗ್ತಾರೆ" ಎಂದರು ಶಿವಣ್ಣ. ಯಾರೂ ತಿರುಗಲಿಲ್ಲ. ಅವರು ಇನ್ನೊಂದು ಹಿಡಿ ಅನ್ನ ಬಡಿಸಿದರು. ಕಾಡಿನ ಕಡೆಯಿಂದ ಯಾವ ಸದ್ದೂ ಇಲ್ಲ. ಹೊಟ್ಟೆ ತುಂಬಿತ್ತು. ಬಿಸಿಲು ಜಗುಲಿಯಿಂದ ಇಳಿದು ಅಂಗಳದಾಚೆ ಹೋಯಿತು. ಹೆಗ್ಗಡದೇವನಕೋಟೆಗೆ ಹೋಗುವ ಕಡೆಯ ಬಸ್ಸಿನ ಹೊತ್ತು ಮೀರಿತು. "ಇಷ್ಟ್ ತಡ ಯಾವತ್ತೂ ಆಗಿಲ್ಲ" ಎಂದು ಶಿವಣ್ಣ ಅಂಗಳದ ತುದಿಗೆ ಹೋಗಿ ನಿಂತರು. ಒಳಗಿನಿಂದ ಚೆನ್ನಾಜಮ್ಮನ ಉಸಿರು ನನಗೆ ಕೇಳುತ್ತಿತ್ತು.

ಆಸ್ಪತ್ರೆಯ ಕೊನೆಯ ದಿನ ನನ್ನ ಹೆಂಡತಿ, "ನೀವು ಹೋಗಿ ಊಟ ಮಾಡಿ ಬನ್ನಿ, ನಾನು ಇಲ್ಲೇ ಇರುತ್ತೇನೆ" ಎಂದಿದ್ದಳು. ಎದುರಿನ ಹೋಟೆಲಿನಲ್ಲಿ ಊಟ ಮಾಡಿದೆ. ಅವಳೇ ಹೇಳಿ ಕಳುಹಿಸಿದ್ದಳಾದ್ದರಿಂದ ಪೂರ್ತಿ ಮಾಡಿದೆ, ಮಜ್ಜಿಗೆಯನ್ನೂ ಹಾಕಿಸಿಕೊಂಡೆ. ಹಿಂದಿರುಗಿದಾಗ ಅವಳ ಹಾಸಿಗೆಯ ಸುತ್ತ ತೆರೆ ಎಳೆದಿದ್ದರು. ಈ ಜಗುಲಿಯಲ್ಲಿ ಕುಳಿತು ಅದು ನೆನಪಾಗಬೇಕೆಂದು ಏನೂ ಇರಲಿಲ್ಲ. ನೆನಪಾಯಿತು. ಕೈ ಎಲೆಯ ಮೇಲೆ ನಿಂತಿತು. ಅರಸ ಸುಖವಾಗಿದ್ದನೆಂದು ಇಷ್ಟು ದಿನ ತಿಳಿದಿದ್ದೆ. ಎದ್ದು ಹೋಗುವಂತಿಲ್ಲ, ಕೇಳುವಂತಿಲ್ಲ, ನೋಡುವಂತಿಲ್ಲ. ಆಕೆ ಹೋಗಿದ್ದಾಳೆ. ಇವನ ಪಾಲಿಗೆ ಉಳಿದದ್ದು ಮುಂದಿರುವ ಎಲೆಯೊಂದೇ.

"ಸ್ವಾಮಿ." ಬಾಗಿಲ ಒಳಗಿನಿಂದ ಮಾತು ಬಂದಿತು. "ಕೈ ಒಣಗ್ತಾ ಅದೆ."

ನೋಡಿದೆ. ಬೆರಳುಗಳ ಮೇಲೆ ಅನ್ನದ ಅಗುಳು ಗಟ್ಟಿಯಾಗುತ್ತಿತ್ತು.

"ಆಗುತ್ತಿಲ್ಲ ತಾಯಿ" ಎಂದೆ.

"ನಮ್ಮೋರ್ಗೂ ಆಯ್ತಿರ್ಲಿಲ್ಲ. ಎಲ್ಲಾ ವರ್ಷಾನೂ ಬೆವರೋರು." ಆಮೇಲೆ ಆಕೆ, "ಒಂದ್ ತುತ್ತು. ನನ್ಗೋಸ್ಕರ ಉಣ್ಣಿ" ಎಂದರು.

ಸಾರನ್ನು ಕಲಸಿ ಒಂದು ತುತ್ತು ತೆಗೆದುಕೊಂಡೆ. ಗಂಟಲಲ್ಲಿ ಇಳಿಯಲಿಲ್ಲ. ನೀರು ಕುಡಿದು ಇಳಿಸಿದೆ. ಮತ್ತೊಂದು ತುತ್ತು. ಆಕೆ ಒಳಗಿನಿಂದ ಒಂದೊಂದು ತುತ್ತಿಗೂ "ಹೂಂ" ಎನ್ನುತ್ತಿದ್ದರು. ಮಗುವಿಗೆ ಉಣ್ಣಿಸುವವರು ಹಾಗೆ ಅನ್ನುತ್ತಾರೆ.

ತಮಟೆ ಮತ್ತೆ ಕೇಳಿದಾಗ ಶಿವಣ್ಣ ಅಂಗಳದ ತುದಿಯಿಂದಲೇ, "ಬಂದ್ಲು ಕಣತ್ತೆ! ಬಂದ್ಲು!" ಎಂದು ಕೂಗಿದರು. ಊರು ಹಿಂದಿರುಗಿತು. ಗುಡ್ಡಪ್ಪನ ಪಂಚೆ ಮಣ್ಣಾಗಿತ್ತು. ಆತ ಕತ್ತಿಯನ್ನು ನನ್ನ ಎಲೆಯ ಮೇಲೆ ಹಿಡಿದು ನಿಂತ. ಆಗ ಹೇಳಬೇಕಾದ ಮಾತನ್ನು ಶಿವಣ್ಣ ಮೊದಲೇ ಕಲಿಸಿದ್ದರು.

"ಗೆದ್ದೆಯಾ ತಾಯಿ?" ಎಂದೆ. ನನ್ನ ದನಿ ನನಗೆ ಸರಿಯಾಗಿ ಕೇಳಿಸಲಿಲ್ಲ.

"ಗೆದ್ದೆ ಕಂದ. ಉಂಡ್ಯಾ?"

"ಉಂಡೆ" ಎಂದೆ.

ಊರು ಕೂಗಿತು. ತಡವಾದ ಕಾರಣ ಆಮೇಲೆ ತಿಳಿಯಿತು. ಗಡಿಕಲ್ಲಿನ ಬಳಿ ಆನೆ ನಿಂತಿತ್ತಂತೆ. "ಮೇಲ್ಕೇರಿಯೋರೂ ಕೆಳ್ಕೇರಿಯೋರೂ ಒಂದೇ ಪೊದೇಲಿ ಕುಂತಿದ್ವಿ ಸ್ವಾಮಿ, ಒಬ್ರ ಮೇಲೊಬ್ರು" ಎಂದು ಕೆಳಗಿನ ಕೇರಿಯ ಯಜಮಾನರು ನಕ್ಕರು. ಮೇಲಿನ ಕೇರಿಯವರು, "ಇವ್ನು ನನ್ ಪಂಚೆ ಇಡ್ಕೊಂಡಿದ್ದ, ಬುಡ್ಲೇ ಇಲ್ಲ" ಎಂದರು. ಕತ್ತಿಯನ್ನು ಒಳಕ್ಕೆ, ಅದರ ಜಾಗಕ್ಕೆ ಕೊಂಡೊಯ್ದರು. ತಾಲ್ಲೂಕು ಕಚೇರಿಯ ಮಾತನ್ನು ಯಾರೂ ಎತ್ತಲಿಲ್ಲ.

ನಾನು ಅಭ್ಯಾಸದಂತೆ ಎಲೆಯನ್ನು ಮಡಿಸಿ ಎತ್ತಲು ಬಗ್ಗಿದೆ. ಒಂದೂವರೆ ವರ್ಷದಿಂದ ನನ್ನ ಎಲೆಯನ್ನು ನಾನೇ ಎತ್ತುತ್ತಿದ್ದೇನೆ. ಚೆನ್ನಾಜಮ್ಮ ಎದ್ದು ಹೊರಗೆ ಬಂದರು.

"ಬುಡಿ, ಬುಡಿ. ದೊರೆ ತನ್ನೆಲೆ ತಾನೆತ್ಬಾರ್ದು" ಎಂದು ಕೈಯಿಂದ ತೆಗೆದುಕೊಂಡರು. ಚೆಲ್ಲಿದ್ದ ಅಗುಳುಗಳನ್ನು ಒಂದೊಂದಾಗಿ ಆಯ್ದು ಎಲೆಯೊಳಗೆ ಹಾಕಿಕೊಂಡು, ನೆಲಕ್ಕೆ ನೀರು ಹಾಕಿ ಒರಸಿ, ಹಿತ್ತಿಲ ಕಡೆಗೆ ಹೋದರು. ಅವರು ತಿರುಗಿ ಬರುವವರೆಗೂ ನಾನು ಎಂಜಲು ಕೈಯಲ್ಲೇ ನಿಂತಿದ್ದೆ.

ಆ ರಾತ್ರಿ ಅಲ್ಲೇ ಜಗುಲಿಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಹೊರಟೆ. ಎರಡೂ ಕೇರಿಯ ಯಜಮಾನರು ಊರ ಬಾಗಿಲವರೆಗೆ ಬಂದು, ಬರುವ ವರ್ಷವೂ ನಾನೇ ಬರಬೇಕೆಂದರು. "ಬದುಕಿದ್ದರೆ ಬರುತ್ತೇನೆ" ಎಂದೆ.

"ಬದ್ಕಿರಿ" ಎಂದರು ಚೆನ್ನಾಜಮ್ಮ. ಅದನ್ನು ಅವರು ಹಾರೈಕೆಯಂತೆ ಹೇಳಲಿಲ್ಲ. ನಾಳೆ ಹೊಲಕ್ಕೆ ಬಾ ಎಂದು ಆಳಿಗೆ ಹೇಳುವಂತೆ ಹೇಳಿದರು. ರಾಗಿ ಹೊಲದ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವರು ಕಾಣಲಿಲ್ಲ, ಒಳಗೆ ಹೋಗಿದ್ದರು. ಕತ್ತಿಗೆ ಬೆಳಗಿನ ದೀಪ ಹಚ್ಚುವ ಹೊತ್ತಾಗಿತ್ತು.

ಮೈಸೂರು ತಲುಪಿದಾಗ ಸಂಜೆ. ಬೀದಿಯ ತೋರಣಗಳನ್ನು ಇಳಿಸುತ್ತಿದ್ದರು. ರೈಲು ನಿಲ್ದಾಣದ ಕಡೆಗೆ ಜನ ಸಾಲುಸಾಲಾಗಿ ಹೋಗುತ್ತಿದ್ದರು. ಈ ಸಲವೂ ನಾನು ಎದುರು ದಿಕ್ಕಿನವನು. ಮನೆಯ ಬಾಗಿಲು ತೆಗೆದು, ದೀಪ ಹಚ್ಚಿ, ಅಧ್ಯಾಯದ ಹಾಳೆಗಳನ್ನು ತೆಗೆದು ಅರಸನ ಕನಸನ್ನು ಕುರಿತು 'ಸಬೂಬು' ಎಂದು ಬರೆದಿದ್ದನ್ನು ಹೊಡೆದುಹಾಕಿದೆ. ಅಲ್ಲಿ ಬೇರೆ ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಆಮೇಲೆ ಅನ್ನ ಮಾಡಿಕೊಂಡು ಎಲೆ ಹಾಕಿಕೊಂಡು ಕುಳಿತೆ. ಬಾಗಿಲನ್ನು ತೆರೆದೇ ಇಟ್ಟಿದ್ದೆ. ಹಸಿವಿತ್ತು. ಊಟ ಮುಗಿದ ಮೇಲೂ ಸ್ವಲ್ಪ ಹೊತ್ತು ಏಳಲಿಲ್ಲ. ಕೈ ಒಣಗತೊಡಗಿದಾಗ ಇನ್ನೊಂದು ತುತ್ತು ಬಡಿಸಿಕೊಂಡು ಉಂಡೆ. ಬಳಿಕ ಎಲೆಯನ್ನು ನಾನೇ ಎತ್ತಿದೆ.